ನೆಲ ಒಡೆಯದೆ ಬೇಸ್‌ಮೆಂಟ್‌ನಲ್ಲಿ ಸಿಂಕ್ ಕೂರಿಸಬಹುದಾ?

ಕೆಳಗಿನ_ಕೋಣೆ

ಎಲ್ಲರಿಗೂ ನಮಸ್ಕಾರ. ನಮ್ಮ ಬೇಸ್‌ಮೆಂಟ್ ಕೆಲಸ ಮುಗಿದು ನಾಲ್ಕು ವರ್ಷ ಆಯಿತು. ಗೋಡೆಗೆ ಜಿಪ್ಸಮ್ ಬೋರ್ಡ್, ನೆಲಕ್ಕೆ ಟೈಲ್ಸ್, ಮೇಲೆ ಫಾಲ್ಸ್ ಸೀಲಿಂಗ್, ಒಂದು ಮೂಲೆಯಲ್ಲಿ ಬಾತ್‌ರೂಮ್. ಸಂಜೆ ಹೊತ್ತು ಅಲ್ಲೇ ಕೂತು ಸಿನಿಮಾ ನೋಡುತ್ತೇವೆ. ನೆಂಟರು ಬಂದರೆ ಅಲ್ಲೇ ಮಲಗುತ್ತಾರೆ. ಆದರೆ ಒಂದು ಲೋಟ ನೀರು ಬೇಕಾದರೂ ಮೆಟ್ಟಿಲು ಹತ್ತಬೇಕು, ಆ ಲೋಟ ತೊಳೆಯೋಕೆ ಮತ್ತೆ ಹತ್ತಬೇಕು. ಬಾತ್‌ರೂಮ್ ಬೇಸಿನ್‌ನಲ್ಲಿ ಲೋಟ ತೊಳೆದದ್ದು ಮನೆಯವರ ಕಣ್ಣಿಗೆ ಬಿದ್ದರೆ ಮುಗಿಯಿತು ಕಥೆ.

ಹಾಗಾಗಿ ಕಿಟಕಿ ಇರುವ ಗೋಡೆಗೆ ಒಂದು ಎಂಟು ಅಡಿ ಕೌಂಟರ್ ಮಾಡಿಸೋಣ ಅಂತ ಇದ್ದೇವೆ. ಸಣ್ಣ ಸಿಂಕ್, ಕೌಂಟರ್ ಕೆಳಗೆ ಚಿಕ್ಕ ಫ್ರಿಜ್, ಮೇಲೆ ಮೈಕ್ರೋವೇವ್, ಒಂದು ಕೆಟಲ್. ಆಮೇಲೆ ಬೇಕಾದರೆ ಒಂದೇ ಬರ್ನರ್‌ನ ಇಂಡಕ್ಷನ್ ಒಲೆ. ಪೂರ್ತಿ ಅಡುಗೆಮನೆ ಅಲ್ಲ.

ಇಬ್ಬರನ್ನು ಕರೆಸಿ ತೋರಿಸಿದೆ. ಒಬ್ಬರು, ಗೋಡೆ ಪಕ್ಕದಲ್ಲೇ ಪೈಪ್ ಎಳೆದು ಬಾತ್‌ರೂಮ್ ಲೈನಿಗೆ ಸೇರಿಸಿಬಿಡೋಣ, ಎರಡೇ ದಿನದ ಕೆಲಸ ಅಂದರು. ಇನ್ನೊಬ್ಬರು ಬಂದವರೇ ನೆಲ ನೋಡಿ, ಇದನ್ನು ಒಡೆಯಲೇಬೇಕು ಅಂದರು. ಕಿಟಕಿ ಗೋಡೆಯಿಂದ ಬಾತ್‌ರೂಮಿಗೆ ಗೋಡೆಗುಂಟ ಅಳೆದರೆ 22 ಅಡಿ. ಟೈಲ್ಸ್ ಒಡೆಯುವುದು ಅಂದರೆ ನನಗೆ ಹೊಟ್ಟೆ ಉರಿಯುತ್ತದೆ. ಇಬ್ಬರಲ್ಲಿ ಯಾರು ಹೇಳಿದ್ದು ಸರಿ? ಕ್ಯಾಬಿನೆಟ್ ಬಣ್ಣ, ಲೈಟು ಎಲ್ಲಾ ಆರಿಸಿ ಆಗಿದೆ, ಇದೊಂದೇ ಬಾಕಿ.

ಹಳೇ_ಪೈಪು

ಬಣ್ಣ ಆರಿಸಿದ ಮೇಲೆ ಡ್ರೈನ್ ಯೋಚನೆ ಬಂತಾ? ಬೇಜಾರು ಮಾಡಿಕೊಳ್ಳಬೇಡಿ ಸರ್, ಹತ್ತರಲ್ಲಿ ಒಂಬತ್ತು ಜನ ಹೀಗೇ ಮಾಡುತ್ತಾರೆ. ನಾನು ಇಪ್ಪತ್ತು ವರ್ಷದಿಂದ ಪ್ಲಂಬಿಂಗ್ ಮಾಡಿಕೊಂಡು ಬಂದವನು. ನೀರು ತರುವುದು ಸುಲಭ, ಅರ್ಧ ಇಂಚಿನ ಪೈಪನ್ನು ಸೀಲಿಂಗ್ ಮೇಲಿನಿಂದ ಎಲ್ಲಿಗೆ ಬೇಕಾದರೂ ತರಬಹುದು, ಅದರಲ್ಲಿ ಪ್ರೆಶರ್ ಇರುತ್ತದೆ. ಹೋಗುವ ನೀರಿಗೆ ಪ್ರೆಶರ್ ಇಲ್ಲ. ಇಳಿಜಾರೇ ಅದಕ್ಕೆ ಗತಿ.

ಇಬ್ಬರು ಹೇಳಿದ್ದೂ ಸರಿ ಇರಬಹುದು. ಲೆಕ್ಕ ನೋಡಿ. ಒಂದು ಅಡಿಗೆ ಕಾಲು ಇಂಚು ವಾಟ ಕೊಡಬೇಕು, ಅಂದರೆ ಸುಮಾರು ನೂರಕ್ಕೆ ಎರಡು. 22 ಅಡಿಗೆ ಐದೂವರೆ ಇಂಚು ಇಳಿಯುತ್ತದೆ. ಸಿಂಕಿನ ಪೈಪ್ ನೆಲದಿಂದ 15 ಇಂಚು ಎತ್ತರದಲ್ಲಿ ಗೋಡೆಗೆ ಹೊಕ್ಕಿತು ಅಂದುಕೊಂಡರೆ, ಬಾತ್‌ರೂಮ್ ಹತ್ತಿರ ಬರುವಾಗ ಒಂಬತ್ತೂವರೆ ಇಂಚಿನಲ್ಲಿರುತ್ತದೆ. ಅಲ್ಲಿ ಗೋಡೆಯೊಳಗೆ ನಿಂತ ಪೈಪಿಗೆ ಸೇರಿಸಬಹುದು. ಕಾಗದದ ಮೇಲೆ ಎಲ್ಲಾ ಚೆನ್ನಾಗಿದೆ. ಈಗ ನೀವು ಹೇಳಬೇಕಾದ್ದು ಇಷ್ಟು: ಆ 22 ಅಡಿಯಲ್ಲಿ ಬಾಗಿಲು ಎಷ್ಟು? ಒಂದು ಬಾಗಿಲು ಇದ್ದರೂ ಈ ದಾರಿ ಮುಚ್ಚಿತು. ಹೊಸ್ತಿಲ ಮೇಲೆ ಒಂದು ಅಡಿ ಎತ್ತರದಲ್ಲಿ ಪೈಪ್ ಹಾಯಿಸಿ ದಾಟಿಕೊಂಡು ಓಡಾಡುತ್ತೀರಾ?

ಇನ್ನೊಂದು, ಮನೆಯ ಮುಖ್ಯ ಡ್ರೈನ್ ಎಲ್ಲಿಂದ ಹೊರಗೆ ಹೋಗುತ್ತದೆ? ನೆಲದ ಅಡಿಯಿಂದಲಾ, ಅಥವಾ ಗೋಡೆಯಲ್ಲಿ ಎದೆಮಟ್ಟದಲ್ಲಾ? ಗೋಡೆಯಿಂದ ಹೋಗುವುದಾದರೆ ಬಾತ್‌ರೂಮಿಗೆ ಆಗಲೇ ಒಂದು ಪಂಪ್ ಇರಬೇಕು, ಕೊಳಚೆ ನೀರು ಸೇರುವ ಅದರ ಗುಂಡಿ ಎಲ್ಲಿದೆ ಹುಡುಕಿ.

ಗಂಟಲು_ಕಟ್ಟಿದ_ಸಿಂಕ್

ನಾನು ನೆಲ ಒಡೆಯಬಾರದು ಅಂತಲೇ ಹಟ ಹಿಡಿದು ಪಂಪ್ ಹಾಕಿಸಿದವಳು. ಅನುಭವ ಹೇಳುತ್ತೇನೆ, ಸ್ವಲ್ಪ ಉದ್ದ ಆದೀತು.

ಸಿಂಕ್ ಕೆಳಗಿನ ಕಪಾಟಿನಲ್ಲಿ ಒಂದು ಪೆಟ್ಟಿಗೆ ಕೂರುತ್ತದೆ. ಬಳಸಿದ ನೀರು ಅದರೊಳಗೆ ಬೀಳುತ್ತದೆ, ನೀರು ಒಂದು ಮಟ್ಟಕ್ಕೆ ಬಂದಾಗ ಒಳಗಿನ ಸ್ವಿಚ್ ಪಂಪನ್ನು ಎಬ್ಬಿಸುತ್ತದೆ, ಅದು ನೀರನ್ನು ಸೀಲಿಂಗ್‌ವರೆಗೆ ತಳ್ಳಿ ಅಲ್ಲಿಂದ ಮೇನ್ ಲೈನಿಗೆ ಬಿಡುತ್ತದೆ. ತಳ್ಳಿದ ನೀರು ವಾಪಸ್ ಬರದ ಹಾಗೆ ದಾರಿಯಲ್ಲಿ ಒಂದು ಚೆಕ್ ವಾಲ್ವ್. ಯೋಚನೆ ಚೆನ್ನಾಗಿದೆ, ನೆಲಕ್ಕೆ ಒಂದು ಗೀರೂ ಬೀಳುವುದಿಲ್ಲ.

ಆದರೆ ನಮಗೆ ಹಾಕಿಕೊಟ್ಟವರು ಪೆಟ್ಟಿಗೆಯ ಗಾಳಿ ಕೊಳವೆಗೆ, ಅಂದರೆ ವೆಂಟ್‌ಗೆ, ಕ್ಯಾಪ್ ಹಾಕಿ ಹೋಗಿಬಿಟ್ಟಿದ್ದರು. ಎರಡು ವಾರಕ್ಕೆ ಕಪಾಟು ತೆರೆದರೆ ಮೂಗು ಮುಚ್ಚಿಕೊಳ್ಳಬೇಕು. ಫೋನ್ ಮಾಡಿದರೆ "ಹೊಸದರಲ್ಲಿ ಹಾಗೇ ಇರುತ್ತೆ ಮೇಡಂ" ಅಂತ ಉತ್ತರ. ಹೊಸದರಲ್ಲಿ ಕೊಳೆತ ವಾಸನೆ ಬರುವ ವಸ್ತು ನಾನು ಜೀವನದಲ್ಲಿ ನೋಡಿರಲಿಲ್ಲ. ಆಮೇಲೆ ಬೇರೆಯವರನ್ನು ಕರೆಸಿ ವೆಂಟ್ ಸರಿ ಮಾಡಿಸಿದೆ.

ಎರಡನೇ ವರ್ಷ ಚೆಕ್ ವಾಲ್ವ್‌ಗೆ ಏನೋ ಕಸ ಸಿಕ್ಕಿಕೊಂಡಿತು. ಮೇಲಿನ ಪೈಪಿನಲ್ಲಿದ್ದ ನೀರು ಹಿಂದಕ್ಕೆ ಬಂದು ಪೆಟ್ಟಿಗೆ ತುಂಬುವುದು, ಪಂಪ್ ಎದ್ದು ತಳ್ಳುವುದು, ಮತ್ತೆ ಬರುವುದು. ರಾತ್ರಿಯೆಲ್ಲಾ ಐದೈದು ನಿಮಿಷಕ್ಕೆ ಗುರ್ ಅನ್ನುತ್ತಿತ್ತು, ನಾವು ಫ್ರಿಜ್ ಶಬ್ದ ಅಂದುಕೊಂಡಿದ್ದೆವು. ಕೊನೆಗೆ ಒಂದು ಜಾಯಿಂಟ್ ಸಡಿಲವಾಗಿ ಸೋರಿ, ಪಾರ್ಟಿಕಲ್ ಬೋರ್ಡ್ ಕಪಾಟಿನ ಬುಡ ಉಬ್ಬಿ ಹೋಯಿತು. ಅದನ್ನು ರಿಪೇರಿ ಮಾಡಲು ಆಗುವುದೇ ಇಲ್ಲ, ಕಿತ್ತು ಬಿಸಾಡಿದ್ದೇ.

ಈಗ ಪಂಪ್ ಹಾಕಿಸಿದರೆ ನಾನು ಏನು ಮಾಡುತ್ತೇನೆ ಗೊತ್ತಾ? ಸಿಂಕ್ ಕೆಳಗಿನ ಕಪಾಟು ಪ್ಲೈವುಡ್‌ನದ್ದೇ. ಅದರ ತಳದಲ್ಲಿ ಒಂದು ಟ್ರೇ, ನೀರು ತಾಕಿದರೆ ಕೂಗುವ ಸಣ್ಣ ಅಲಾರಂ. ಪಂಪನ್ನು ಬಿಚ್ಚಲು ಕೈ ಹೋಗುವಷ್ಟು ಜಾಗ. ಎಣ್ಣೆ, ಜಿಡ್ಡು, ಚೂರು ಪಾರು ಯಾವುದೂ ಸಿಂಕಿಗೆ ಬೀಳಬಾರದು. ಕರೆಂಟ್ ಹೋದಾಗ ನಲ್ಲಿ ತೆರೆಯಬಾರದು, ಇದನ್ನು ಬಂದ ನೆಂಟರಿಗೆಲ್ಲಾ ಹೇಳುತ್ತಾ ಕೂರಬೇಕು.

ಕೆಳಗಿನ_ಕೋಣೆ

ಇಬ್ಬರಿಗೂ ಥ್ಯಾಂಕ್ಸ್. ಹಳೇ ಪೈಪು ಅಣ್ಣ, ಹೋಗಿ ನೋಡಿದೆ. ಮುಖ್ಯ ಲೈನ್ ನೆಲದ ಅಡಿಯಲ್ಲೇ ಇದೆ. ದಾರಿಯಲ್ಲಿ ಒಂದು ಬಾಗಿಲು, ಮೂರು ಅಡಿ ಅಗಲ. ಹಾಗಾದರೆ ಎರಡು ದಿನದ ಕೆಲಸ ಅಂದವರು ಬಾಗಿಲನ್ನೇ ನೋಡಿರಲಿಲ್ಲ ಅನಿಸುತ್ತದೆ. ಕೇಳಿದ್ದಕ್ಕೆ, "ಅಲ್ಲಿ ನೆಲದೊಳಗೆ ಸ್ವಲ್ಪ ಇಳಿಸಿ, ಆಮೇಲೆ ಮೇಲೆತ್ತಿದರಾಯಿತು" ಅಂದರು.

ಮತ್ತೆ ವೆಂಟ್ ಬಗ್ಗೆ. ಛಾವಣಿವರೆಗೆ ಗಾಳಿ ಪೈಪ್ ಬೇಡ, ಸಿಂಕ್ ಕೆಳಗೆ ಒಂದು ಸಣ್ಣ ವಾಲ್ವ್ ಹಾಕಿದರೆ ಸಾಕು ಅಂತಲೂ ಅವರೇ ಹೇಳಿದರು. ನಂಬಬಹುದಾ?

ಹಳೇ_ಪೈಪು

ಇಳಿಸಿ ಮೇಲೆತ್ತಿದರೆ ಅದು ಡ್ರೈನ್ ಅಲ್ಲ, ಕೆರೆ. ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಕೊಳೆ ಕೂರುತ್ತದೆ, ಆರು ತಿಂಗಳಿಗೆ ಕಟ್ಟಿಕೊಳ್ಳುತ್ತದೆ. ಅವರಿಗೆ ಕೈ ಮುಗಿದು ಕಳಿಸಿಬಿಡಿ.

ವಾಲ್ವ್ ವಿಷಯ ಮಾತ್ರ ಪೂರ್ತಿ ಸುಳ್ಳಲ್ಲ. ಸಿಂಕ್ ಕೆಳಗೆ ಬಾಗಿದ ಪೈಪ್ ಇರುತ್ತದಲ್ಲ, ಟ್ರ್ಯಾಪ್, ಅದರಲ್ಲಿ ಎರಡರಿಂದ ನಾಲ್ಕು ಇಂಚು ನೀರು ಸದಾ ನಿಂತಿರಬೇಕು. ಚರಂಡಿ ಗಾಳಿ ಮನೆಯೊಳಗೆ ಬರದಂತೆ ತಡೆಯುವುದು ಆ ನೀರೇ. ಸಿಂಕ್ ತುಂಬಾ ನೀರು ಒಟ್ಟಿಗೆ ಇಳಿದಾಗ ಹಿಂದೆ ಗಾಳಿ ಬರಲು ದಾರಿ ಇಲ್ಲದಿದ್ದರೆ ಅದು ಟ್ರ್ಯಾಪಿನ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಗೊಳಗೊಳ ಶಬ್ದ ಬಂತು ಅಂದರೆ ಅದೇ ಆಗುತ್ತಿದೆ ಅಂತ ತಿಳಿಯಿರಿ. ಆ ವಾಲ್ವ್ ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಒಂದೇ ಸಿಂಕಿಗೆ ಅಷ್ಟು ಸಾಕಾಗುತ್ತದೆ. ಟ್ರ್ಯಾಪ್‌ನಿಂದ ಹೊರಡುವ ಪೈಪಿಗಿಂತ ನಾಲ್ಕು ಇಂಚಾದರೂ ಮೇಲಿರಬೇಕು. ಗೋಡೆಯೊಳಗೆ ಹೂತು ಹಾಕಬಾರದು, ಯಾಕೆಂದರೆ ಒಂದಲ್ಲ ಒಂದು ದಿನ ಅದು ಕೆಡುತ್ತದೆ, ಬದಲಿಸಬೇಕು. ಕೆಲವು ಕಡೆ ನಿಯಮದಲ್ಲಿ ಇದಕ್ಕೆ ಅವಕಾಶವೇ ಇಲ್ಲ, ನಿಮ್ಮಲ್ಲಿ ಹೇಗೆ ಅಂತ ಮೊದಲೇ ಕೇಳಿ. ಕೊಳಚೆ ನೀರಿನ ಪಂಪ್ ಗುಂಡಿಗೆ ಮಾತ್ರ ಈ ವಾಲ್ವ್ ಯಾವ ಕಾಲಕ್ಕೂ ಬೇಡ. ಅದಕ್ಕೆ ಗಾಳಿ ಎರಡೂ ಕಡೆ ಓಡಾಡಬೇಕು, ನಿಜವಾದ ವೆಂಟ್ ಪೈಪೇ ಬೇಕು.

ಇನ್ನು ನೆಲ ಒಡೆಯುವುದು. ನೀವು ಹೆದರಿದಷ್ಟು ದೊಡ್ಡದಲ್ಲ, ಆದರೆ ಕೊಳಕು ಕೆಲಸ. ಗರಗಸದಿಂದ ಎರಡು ಗೆರೆ ಕೊಯ್ದು, ನಡುವಿನದು ತೆಗೆದು, ಮಣ್ಣು ಅಗೆದು, ಪೈಪ್ ಮಲಗಿಸಿ, ಮತ್ತೆ ಕಾಂಕ್ರೀಟ್. ಧೂಳು ಇಡೀ ಮನೆಗೆ. ಕೊಯ್ಯುವ ಮುಂಚೆ ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ, ಕೆಲವು ಸ್ಲ್ಯಾಬ್‌ಗಳಲ್ಲಿ ಎಳೆದು ಬಿಗಿ ಮಾಡಿದ ಉಕ್ಕಿನ ಹಗ್ಗ ಇರುತ್ತದೆ. ಅದನ್ನು ಕತ್ತರಿಸಿದರೆ ಪಕ್ಕದಲ್ಲಿ ನಿಂತವನ ಜೀವಕ್ಕೇ ಅಪಾಯ, ಸ್ಲ್ಯಾಬೂ ಹಾಳು. ಸ್ಕ್ಯಾನ್ ಮಾಡಿಸದೆ ಮುಟ್ಟಬಾರದು. ಗೋಡೆ ಬುಡದ ಪಾಯದ ಪಕ್ಕ ಆಳಕ್ಕೆ ಅಗೆಯಬಾರದು. ಕಾಂಕ್ರೀಟ್ ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಇದ್ದರೆ ಹರಿದ ಕಡೆ ತೇಪೆ ಹಾಕಿಯೇ ಮುಚ್ಚಬೇಕು, ಇಲ್ಲದಿದ್ದರೆ ತೇವ ಅಲ್ಲಿಂದಲೇ ಏರುತ್ತದೆ. ಮುಚ್ಚುವ ಮುಂಚೆ ಪೈಪಿಗೆ ನೀರು ತುಂಬಿ ಕಾಲು ಗಂಟೆಯಾದರೂ ನಿಲ್ಲಿಸಿ ನೋಡಿ. ಈ ಕಾಲು ಗಂಟೆ ಉಳಿಸಲು ಹೋಗಿ ಎರಡನೇ ಸಲ ಒಡೆದವರನ್ನು ಕಂಡಿದ್ದೇನೆ.

ಇಷ್ಟೆಲ್ಲಾ ಹೇಳಿ ಒಂದು ಪ್ರಶ್ನೆ. ಆ ಕಿಟಕಿ ಗೋಡೆಯೇ ಯಾಕೆ? ಬಾತ್‌ರೂಮ್ ಬೇಸಿನ್ ಇರುವ ಗೋಡೆಯ ಹಿಂಬದಿ ಏನಿದೆ?

ನೀರೇ_ಬೇಡ

ನನ್ನದು ಒಂದೇ ಮಾತು. ಸಿಂಕ್ ಬಿಟ್ಟುಬಿಡಿ. ಕೌಂಟರ್, ಫ್ರಿಜ್, ಕೆಟಲ್, ಒಂದು ನೀರಿನ ಕ್ಯಾನ್. ಕೊಳೆ ಲೋಟಕ್ಕೆ ಒಂದು ಟ್ರೇ, ರಾತ್ರಿ ಮೇಲೆ ಹೋಗುವಾಗ ಎತ್ತಿಕೊಂಡು ಹೋಗಿ. ಹತ್ತು ವರ್ಷದಿಂದ ಹೀಗೇ ಇದ್ದೇವೆ. ಸೋರಲು ನಮ್ಮಲ್ಲಿ ಏನೂ ಇಲ್ಲ.

ಗಂಟಲು_ಕಟ್ಟಿದ_ಸಿಂಕ್

ಆ ಟ್ರೇ ಎತ್ತುವವರು ಯಾರು ಅಂತಲೂ ಹೇಳಿಬಿಡಿ.

ನೀರೇ_ಬೇಡ

ಅದು ಬೇರೆ ವಿಷಯ.

ಫ್ಯೂಸ್_ಹೋಯ್ತು

ಎಲ್ಲರೂ ನೀರಿನ ಹಿಂದೆ ಬಿದ್ದಿದ್ದೀರಿ, ಕರೆಂಟ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ನಿಮ್ಮ ಬೇಸ್‌ಮೆಂಟ್‌ಗೆ ವೈರಿಂಗ್ ಮಾಡಿದಾಗ ಟಿವಿ, ಲೈಟು, ಫೋನ್ ಚಾರ್ಜರ್ ಲೆಕ್ಕದಲ್ಲಿ ಮಾಡಿರುತ್ತಾರೆ. ಈಗ ಅದೇ ಪಾಯಿಂಟಿಗೆ ಮೈಕ್ರೋವೇವ್ ಸಿಕ್ಕಿಸಿದರೆ ಸಿನಿಮಾ ನಡುವೆ ಕತ್ತಲೆ.

ಮೈಕ್ರೋವೇವ್ ಡಬ್ಬಿ ಮೇಲೆ 1000 ವಾಟ್ ಅಂತ ಬರೆದಿದ್ದರೆ ಅದು ಒಳಗೆ ಕೊಡುವ ಶಾಖ, ಗೋಡೆಯಿಂದ ಎಳೆಯುವುದು 1500ರ ಹತ್ತಿರ. 120 ವೋಲ್ಟ್ ಇರುವ ಕಡೆ ಅದೊಂದೇ ಹನ್ನೆರಡೂವರೆ ಆಂಪಿಯರ್. ಜೊತೆಗೆ 1500 ವಾಟಿನ ಕೆಟಲ್ ಹಾಕಿದರೆ 25 ಆಯಿತು, 20ರ ಬ್ರೇಕರ್ ಬೀಳದೆ ಇನ್ನೇನು ಮಾಡೀತು. 230 ವೋಲ್ಟ್ ಇರುವ ಕಡೆ ಮೈಕ್ರೋವೇವ್ ಆರೂವರೆ, ಆದರೆ ಅಲ್ಲಿ ಕೆಟಲ್‌ಗಳೂ 3000 ವಾಟ್‌ವರೆಗೆ ಇರುತ್ತವೆ, ಅದು 13. ಕೂಡಿದರೆ ಹತ್ತೊಂಬತ್ತೂವರೆ, 16ರ ಬ್ರೇಕರ್‌ಗೆ ಜಾಸ್ತಿಯೇ. ಹಾಗಾಗಿ ಕನಿಷ್ಠ ಎರಡು ಹೊಸ ಸರ್ಕ್ಯೂಟ್ ಬೋರ್ಡ್‌ನಿಂದ ನೇರವಾಗಿ ಎಳೆಸಿ. ಮೈಕ್ರೋವೇವ್ ಒಂದರಲ್ಲಿ, ಕೆಟಲ್ ಮತ್ತೊಂದರಲ್ಲಿ. ಇಂಡಕ್ಷನ್ ಖಂಡಿತಾ ತರುತ್ತೀರಿ ಅಂತಾದರೆ ಅದಕ್ಕೆ ಮೂರನೆಯದು, ಈಗ ಬೇಡವಾದರೆ ಮುಂದೆ ವೈರ್ ಎಳೆಯಲು ಖಾಲಿ ಪೈಪಾದರೂ ಗೋಡೆಯಲ್ಲಿ ಬಿಡಿಸಿ.

ಸಿಂಕ್ ಹತ್ತಿರದ ಪ್ಲಗ್‌ಗೆ, ಕರೆಂಟ್ ಸೋರಿಕೆ ಆದಾಗ ಅದನ್ನು ಕಡಿಯುವ ರಕ್ಷಣೆ ಇರಲೇಬೇಕು. ಒಂದೊಂದು ಕಡೆ ಒಂದೊಂದು ಹೆಸರು, ಜಿಎಫ್‌ಸಿಐ, ಆರ್‌ಸಿಸಿಬಿ, ಆರ್‌ಸಿಡಿ. ಮೊದಲನೆಯದು 5 ಮಿಲಿಆಂಪಿಯರ್ ಆಸುಪಾಸಿನಲ್ಲಿ ಬೀಳುತ್ತದೆ, ಮಿಕ್ಕವು ಮನೆಗಳಲ್ಲಿ ಸಾಮಾನ್ಯವಾಗಿ 30ರದ್ದು. ಸಾಧಾರಣ ಬ್ರೇಕರ್ ವೈರನ್ನು ಕಾಪಾಡುತ್ತದೆ, ಮನುಷ್ಯನನ್ನು ಕಾಪಾಡುವುದು ಇದು. ಕಾಂಕ್ರೀಟ್ ನೆಲ, ಬರಿಗಾಲು, ಒದ್ದೆ ಕೈ, ಮೂರೂ ಒಟ್ಟಿಗೆ ಇರುವ ಜಾಗ ನಿಮ್ಮದು. ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ.

ಫ್ರಿಜ್ ಬಗ್ಗೆಯೂ ಒಂದು ಮಾತು. ಕೌಂಟರ್ ಕೆಳಗೆ ತುರುಕಲು ಮುಂಭಾಗದಿಂದ ಬಿಸಿ ಬಿಡುವಂಥದ್ದೇ ತನ್ನಿ. ಮಾಮೂಲಿ ಚಿಕ್ಕ ಫ್ರಿಜ್ ಹಿಂದಿನಿಂದ, ಪಕ್ಕದಿಂದ ಬಿಸಿ ಬಿಡುತ್ತದೆ, ಸುತ್ತ ಹಲಗೆ ಹೊಡೆದರೆ ಉಸಿರು ಕಟ್ಟಿ ಬೇಗ ಸಾಯುತ್ತದೆ.

ಪರ್ಮಿಟ್_ಆಯ್ತಾ

ಇಂಡಕ್ಷನ್ ಒಲೆ ಅಂದಿರಲ್ಲ, ಅಲ್ಲಿ ಸ್ವಲ್ಪ ನಿಲ್ಲಿ. ಸಿಂಕ್, ಫ್ರಿಜ್ ಇರುವ ತನಕ ಅದು ಬರೀ ಕೌಂಟರ್. ಕಾಯಂ ಒಲೆ ಬಂದ ಕೂಡಲೇ ಎಷ್ಟೋ ಕಡೆ ನಿಯಮ ಅದನ್ನು ಎರಡನೇ ಅಡುಗೆಮನೆ ಅನ್ನುತ್ತದೆ. ಅಡುಗೆಮನೆ, ಬಾತ್‌ರೂಮ್, ಮಲಗುವ ಜಾಗ ಮೂರೂ ಸೇರಿದರೆ ಬೇರೆ ಮನೆ ಅಂತಲೇ ಲೆಕ್ಕ. ಆಗ ಬೆಂಕಿ ತಡೆಯುವ ಸೀಲಿಂಗ್, ಬೇರೆ ಬಾಗಿಲು ಅಂತ ಪಟ್ಟಿ ಬೆಳೆಯುತ್ತದೆ. ಅಂದಹಾಗೆ ನೆಂಟರು ಮಲಗುತ್ತಾರೆ ಅಂದಿರಿ. ಆ ಕಿಟಕಿ ಒಬ್ಬ ಮನುಷ್ಯ ಹೊರಗೆ ನುಸುಳುವಷ್ಟು ದೊಡ್ಡದಿದೆಯಾ? ಇದ್ದರೆ ಅದರ ಮುಂದೆ ಕೌಂಟರ್ ಕಟ್ಟಿ ದಾರಿ ಮುಚ್ಚಬೇಡಿ.

ಪ್ಲಂಬಿಂಗ್, ಕರೆಂಟ್ ಎರಡಕ್ಕೂ ಸಾಮಾನ್ಯವಾಗಿ ಪರ್ಮಿಟ್ ಬೇಕಾಗುತ್ತದೆ. ಸುಮ್ನೆ ಮಾಡಿಸಿ ಮುಚ್ಚಿಬಿಟ್ಟರೆ ಮನೆ ಮಾರುವಾಗ ಗೋಡೆ ತೆರೆದು ತೋರಿಸಿ ಅನ್ನುತ್ತಾರೆ.

ಒಲೆ ಇಟ್ಟಮೇಲೆ ಹೊಗೆ ಎಳೆಯುವ ಫ್ಯಾನ್ ಬೇಕು ಅನಿಸುತ್ತದೆ. ನಿಮ್ಮ ಬೇಸ್‌ಮೆಂಟ್‌ನಲ್ಲೇ ಗ್ಯಾಸ್ ಗೀಸರ್ ಇದೆಯಾ, ಚಿಮಣಿ ಮೂಲಕ ತಾನಾಗೇ ಹೊಗೆ ಬಿಡುವಂಥದ್ದು? ಹಾಗಿದ್ದರೆ ಬಲವಾದ ಫ್ಯಾನ್ ಆ ಹೊಗೆಯನ್ನೇ ಕೋಣೆಗೆ ವಾಪಸ್ ಎಳೆಯಬಹುದು. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರಬಹುದು, ಅದಕ್ಕೆ ವಾಸನೆಯೇ ಇಲ್ಲ. ಫ್ಯಾನ್ ಹಾಕುವ ಮುಂಚೆ ತಿಳಿದವರಿಂದ ಪರೀಕ್ಷೆ ಮಾಡಿಸಿ, ಅಲಾರಂ ಹಾಕಿ. ಗಾಳಿಯನ್ನು ಸೋಸಿ ಕೋಣೆಗೇ ಬಿಡುವ ಫ್ಯಾನ್ ಆದರೆ ಈ ತೊಂದರೆ ಇಲ್ಲ, ಆದರೆ ಹಬೆ ಎಲ್ಲೂ ಹೋಗುವುದಿಲ್ಲ, ಅಲ್ಲೇ ಗೋಡೆಗೆ ಕೂತು ಬೂಷ್ಟು ಹಿಡಿಯುತ್ತದೆ.

ಕೆಳಗಿನ_ಕೋಣೆ

ಒಲೆ ಆಸೆ ಬಿಟ್ಟೆ. ಮೈಕ್ರೋವೇವ್ ಸಾಕು.

ಹಳೇ ಪೈಪು ಅಣ್ಣ, ಬೇಸಿನ್ ಗೋಡೆಯ ಹಿಂದೆ ಏನಿದೆ ಅಂದಿರಲ್ಲ. ಹೋಗಿ ನೋಡಿದರೆ ನಮ್ಮದೇ ಸ್ಟೋರ್ ರೂಮ್! ಹಳೇ ಸೂಟ್‌ಕೇಸು, ಓಡದ ಸೈಕಲ್ಲು, ನಾಲ್ಕು ವರ್ಷದಿಂದ ತೆರೆಯದ ರಟ್ಟಿನ ಡಬ್ಬ. ಬಾಗಿಲು ಕಿತ್ತು ತೆರೆದಿಟ್ಟರೆ ಹಾಲ್ ಕಡೆಗೇ ಮುಖ ಮಾಡಿರುತ್ತದೆ. ಅಳತೆ ಐದು ಅಡಿ ಎಂಟು ಇಂಚು. ಎಂಟು ಅಡಿ ಕೌಂಟರ್ ಹೋಯಿತು, ಆದರೆ ಸಿಂಕ್, ಫ್ರಿಜ್ ಕೂರುತ್ತವೆ. ಮನೆಯವರಿಗೆ ತೋರಿಸಿದೆ, "ಇದನ್ನು ಮೊದಲೇ ಯೋಚಿಸಬಾರದಿತ್ತಾ" ಅಂದರು. ಆ ಸೈಕಲ್ ಎಲ್ಲಿ ಇಡುವುದು ಅನ್ನುವುದೇ ಈಗ ನಮ್ಮಿಬ್ಬರ ಜಗಳ.

ಹಳೇ_ಪೈಪು

ಇದಕ್ಕೇ ಕೇಳಿದ್ದು. ಈಗ ಬರೀ ಎರಡು ಮೂರು ಅಡಿ ಜಿಪ್ಸಮ್ ಬೋರ್ಡ್ ಕತ್ತರಿಸಿದರೆ ಸಾಕು. ಬೇಸಿನ್ ಪೈಪಿಗೇ ಬೆನ್ನಿಗೆ ಬೆನ್ನು ಕೊಟ್ಟು ಸಿಂಕ್ ಸೇರುತ್ತದೆ, ವೆಂಟ್ ಆಗಲೇ ಇದೆ, ಬಿಸಿನೀರು ತಣ್ಣೀರು ಎರಡೂ ಅಲ್ಲೇ.

ಎರಡು ಕಡೆ ಹುಷಾರು. ಒಂದು, ಎರಡೂ ಕಡೆಯಿಂದ ಬರುವ ನೀರಿಗೆ ಮಾಮೂಲಿ ಅಡ್ಡ ಟೀ ಜಾಯಿಂಟ್ ಹಾಕಬಾರದು, ಸಿಂಕಿನ ನೀರು ಎದುರಿನ ಬೇಸಿನ್ ಪೈಪಿಗೆ ಹಾರುತ್ತದೆ. ಅದಕ್ಕಂತಲೇ ಜೋಡಿ ಫಿಟ್ಟಿಂಗ್ ಬರುತ್ತದೆ, ಅದೇ ಬೇಕು ಅನ್ನಿ. ಎರಡು, ಬೇಸಿನ್ ಪೈಪ್ ಗೋಡೆಯಲ್ಲಿ ಸ್ವಲ್ಪ ಎತ್ತರದಲ್ಲಿರುತ್ತದೆ, 18 ಇಂಚು ಆಸುಪಾಸು. ಆಳದ ಸಿಂಕ್ ತಂದರೆ ಅದರ ಟ್ರ್ಯಾಪ್ ಆ ಪೈಪಿಗಿಂತ ಕೆಳಗಾಗುತ್ತದೆ. ಹಾಗಾಗಿ ಮೊದಲು ಗೋಡೆ ತೆರೆದು ಅಳೆಯಿರಿ, ಆಮೇಲೆ ಸಿಂಕ್ ಕೊಳ್ಳಿ. ಈ ಸಲವಾದರೂ ಈ ಕ್ರಮದಲ್ಲಿ!

ಬೀದಿ ಚರಂಡಿ ತುಂಬಿ ಹಿಂದಕ್ಕೆ ಹೊಡೆದರೆ ಮೊದಲು ಉಕ್ಕುವುದು ನಿಮ್ಮ ಶವರ್ ಜಾಲರಿಯಿಂದ. ಮೇನ್ ಲೈನಿನಲ್ಲಿ ಚರಂಡಿ ನೀರು ವಾಪಸ್ ಬರದಂತೆ ತಡೆಯುವ ಬ್ಯಾಕ್‌ವಾಟರ್ ವಾಲ್ವ್ ಇದೆಯಾ ನೋಡಿಸಿ. ಅದು ಮುಚ್ಚಿಕೊಂಡಿರುವಾಗ ಮಹಡಿ ಮೇಲೆ ಯಾರೂ ಸ್ನಾನ ಮಾಡಬಾರದು, ಆ ನೀರಿಗೆ ಹೊರಗೆ ದಾರಿ ಇಲ್ಲ, ಕೆಳಗೇ ಬರುತ್ತದೆ.

ಸ್ಟೋರ್ ನೆಲಕ್ಕೆ ಟೈಲ್ಸ್ ಇದೆಯಾ, ಬರೀ ಕಾಂಕ್ರೀಟಾ? ಬರೀ ಕಾಂಕ್ರೀಟ್ ಆದರೆ ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ನೆಲಕ್ಕೆ ಅಂಟಿಸಿ, 16 ಗಂಟೆ ಬಿಡಿ. ಅಡಿಯಲ್ಲಿ ಹನಿ ಕೂತರೆ ಅಥವಾ ನೆಲ ಕಪ್ಪಾದರೆ ಕೆಳಗಿನಿಂದ ತೇವ ಬರುತ್ತಿದೆ ಅಂತ.

ಕೆಳಗಿನ_ಕೋಣೆ

ಬರೀ ಕಾಂಕ್ರೀಟ್. ನಿನ್ನೆ ಸಂಜೆ ಎರಡು ಹಾಳೆ ಅಂಟಿಸಿದ್ದೆ, ಈಗ ತೆಗೆದೆ. ಬೇಸಿನ್ ಗೋಡೆ ಕಡೆ ಒಣಗಿದೆ. ಹೊರಗೋಡೆ ಮೂಲೆಯದ್ದರ ಅಡಿ ಅಂಗೈ ಅಗಲ ಕಪ್ಪಾಗಿದೆ, ನಾಲ್ಕೈದು ಹನಿ. ಆ ರಟ್ಟಿನ ಡಬ್ಬ ಇದ್ದದ್ದು ಅಲ್ಲೇ, ಅದರ ತಳ ಮೆತ್ತಗಾಗಿದೆ. ಈಗೇನು ಮಾಡಲಿ?

ಹಳೇ_ಪೈಪು

ಆ ಮೂಲೆಯ ಹೊರಗಡೆ ಹೋಗಿ ನಿಲ್ಲಿ. ಛಾವಣಿಯ ಮಳೆನೀರಿನ ಪೈಪ್ ಎಲ್ಲಿ ಬಿಡುತ್ತಿದೆ ನೋಡಿ, ಮಣ್ಣು ಗೋಡೆ ಕಡೆಗೆ ಇಳಿಜಾರಿದೆಯಾ ನೋಡಿ. ಕ್ಯಾಬಿನೆಟ್ ಆರ್ಡರ್ ಮಾಡಿಲ್ಲ ತಾನೇ?

ಕೆಳಗಿನ_ಕೋಣೆ

ಪೈಪಿನ ಕೊನೆಯ ತುಂಡು ಕಳಚಿ ಗಿಡದ ಹಿಂದೆ ಬಿದ್ದಿದೆ ಅಣ್ಣ. ನೀರೆಲ್ಲಾ ಗೋಡೆ ಬುಡಕ್ಕೇ ಬೀಳುತ್ತಿತ್ತು. ಸಿಕ್ಕಿಸಿ ಬಂದೆ. ಕ್ಯಾಬಿನೆಟ್‌ನವರಿಗೆ ಈಗಲೇ ಫೋನ್ ಮಾಡಿ ನಿಲ್ಲಿಸುತ್ತೇನೆ. ಎರಡು ಜೋರು ಮಳೆ ಕಳೆಯಲಿ, ಮತ್ತೆ ಹಾಳೆ ಅಂಟಿಸಿ ಇಲ್ಲೇ ಬರೆಯುತ್ತೇನೆ.